ಮರದ ನೆಲದ ಗೀರು: ಉಜ್ಜುವ ಮೊದಲು ಅದು ಯಾವ ಪದರದಲ್ಲಿದೆ ನೋಡಿ

ಪ್ರಶ್ನೆ: ನಮ್ಮ ಹಾಲ್‌ನಲ್ಲಿ ಗಟ್ಟಿಮರದ ಹಲಗೆಯ ನೆಲವಿದೆ. ಹಾಕಿಸಿ ಏಳು ವರ್ಷವಾಯಿತು. ಊಟದ ಮೇಜಿನ ಸುತ್ತ ಕುರ್ಚಿ ಎಳೆದೆಳೆದು ಸಣ್ಣ ಗೀರುಗಳ ಬಲೆಯೇ ಬಿದ್ದಿದೆ. ನಾಯಿಯ ಉಗುರಿನ ಗುರುತುಗಳೂ ಇವೆ. ಮೊನ್ನೆ ಫ್ರಿಜ್ ಸರಿಸುವಾಗ ಎರಡು ಅಡಿ ಉದ್ದಕ್ಕೆ ಆಳವಾಗಿ ಕೆರೆದು, ಒಳಗಿನ ಮರ ಬಿಳಿಚಿಕೊಂಡು ಕಾಣುತ್ತಿದೆ. ಒಬ್ಬರು ಅಕ್ರೋಟು ಉಜ್ಜಿ ಎನ್ನುತ್ತಾರೆ, ಇನ್ನೊಬ್ಬರು ವಿನೆಗರ್‌ಗೆ ಅಡುಗೆ ಎಣ್ಣೆ ಬೆರೆಸಿ ಹಚ್ಚಿ ಎನ್ನುತ್ತಾರೆ, ಪಾಲಿಶ್ ಮಾಡುವವರು ಇಡೀ ನೆಲವನ್ನು ಯಂತ್ರದಲ್ಲಿ ಹೆರೆಯಬೇಕು ಎನ್ನುತ್ತಾರೆ. ಮನೆಯಲ್ಲೇ ಏನು ಮಾಡಬಹುದು? ದಿನವೂ ಹೇಗೆ ಒರೆಸಬೇಕು?

ಉತ್ತರ: ನಿಮಗೆ ಸಿಕ್ಕ ಮೂರೂ ಸಲಹೆಗಳಲ್ಲಿ ಒಂದೇ ಕೊರತೆ. ಗೀರು ಎಷ್ಟು ಆಳಕ್ಕೆ ಇಳಿದಿದೆ, ನೆಲದ ಮೇಲೆ ಯಾವ ಲೇಪವಿದೆ ಎಂದು ಯಾರೂ ಕೇಳಿಲ್ಲ. ನೀವು ದಿನವೂ ತುಳಿಯುವುದು ಮರವನ್ನಲ್ಲ, ಮರದ ಮೇಲಿನ ಪಾರದರ್ಶಕ ಲೇಪವನ್ನು. ಮೂರು ಕೋಟ್ ಪಾಲಿಯುರೆಥೇನ್ ಒಣಗಿದ ಮೇಲೆ ಉಳಿಯುವ ದಪ್ಪ ಸುಮಾರು 0.1 ಮಿ.ಮೀ., ಅಂದರೆ ಒಂದೆರಡು ತಲೆಗೂದಲಿನಷ್ಟು. ಕುರ್ಚಿಯ ಗೀರು, ನಾಯಿಯ ಉಗುರಿನ ಗೀರುಗಳಲ್ಲಿ ಬಹುಪಾಲು ಆ ಪದರದೊಳಗೇ ನಿಂತಿರುತ್ತವೆ. ಮರಕ್ಕೆ ಏನೂ ಆಗಿರುವುದಿಲ್ಲ. ಲೇಪದ ಗೀರಿಗೆ ಮರದ ಔಷಧಿ ಹಾಕಿದಾಗಲೇ ನೆಲ ಕೆಡುವುದು.

ಮೊದಲು ಆ ಜಾಗವನ್ನು ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಲು ಬಿಡಿ. ಗೀರು ಎಂದುಕೊಂಡದ್ದರಲ್ಲಿ ಕೆಲವು ಗೀರೇ ಆಗಿರುವುದಿಲ್ಲ. ಚಪ್ಪಲಿಯ ಅಟ್ಟೆ, ಕುರ್ಚಿಯ ರಬ್ಬರ್ ಬುಷ್ ಬಿಟ್ಟುಹೋದ ಕಪ್ಪು ಗೆರೆಗಳು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದಲೇ ಹೋಗುತ್ತವೆ. ಹೋಗದಿದ್ದರೆ ಬಟ್ಟೆಗೆ ನಾಲ್ಕು ಹನಿ ಮಿನರಲ್ ಟರ್ಪೆಂಟೈನ್ (ಪೇಂಟ್ ತೆಳ್ಳಗೆ ಮಾಡುವ ದ್ರಾವಕ) ಹಾಕಿ ಉಜ್ಜಿ. ಉಳಿದವನ್ನು ನೋಡಲು ಕೋಣೆಯ ದೀಪ ಆರಿಸಿ, ಟಾರ್ಚನ್ನು ನೆಲಕ್ಕೆ ತಾಗುವಂತೆ ಅಡ್ಡಲಾಗಿ ಹಿಡಿಯಿರಿ. ಬೆರಳಿನ ಉಗುರನ್ನು ಗೀರಿಗೆ ಅಡ್ಡವಾಗಿ ಎಳೆಯಿರಿ. ಉಗುರು ಸಿಕ್ಕಿಕೊಳ್ಳದಿದ್ದರೆ ಅದು ಮೇಲ್ಪದರದ್ದು. ಇನ್ನೊಂದು ಪರೀಕ್ಷೆ ಇದಕ್ಕಿಂತ ಖಚಿತ: ಬೆರಳು ಒದ್ದೆ ಮಾಡಿ ಗೀರಿನ ಮೇಲೆ ಸವರಿ. ಗೀರು ಆ ಕ್ಷಣ ಮಾಯವಾಗಿ, ಒಣಗಿದ ಮೇಲೆ ಮತ್ತೆ ಬಿಳಿಯಾಗಿ ಕಂಡರೆ ಪೆಟ್ಟು ಲೇಪಕ್ಕೆ ಮಾತ್ರ ಬಿದ್ದಿದೆ. ಒದ್ದೆ ತಾಗಿದೊಡನೆ ಗೀರು ಸುತ್ತಲಿನದಕ್ಕಿಂತ ಕಪ್ಪಾದರೆ ಮರ ನೀರು ಕುಡಿಯುತ್ತಿದೆ, ಲೇಪ ಹರಿದಿದೆ ಎಂದರ್ಥ. ನಿಮ್ಮ ಫ್ರಿಜ್‌ನ ಗೀರು ಈ ಎರಡನೆಯ ಜಾತಿಯದು.

ಇನ್ನು ಯಾವ ಲೇಪ ಎಂಬುದು. ಬಾಗಿಲ ಹಿಂದೆಯೋ ಕಪಾಟಿನ ಕೆಳಗೋ, ಕಣ್ಣಿಗೆ ಬೀಳದ ಮೂಲೆಯಲ್ಲಿ ಎರಡು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ಹನಿ ಗುಂಡಗೆ ನಿಂತು, ಒರೆಸಿದಾಗ ಗುರುತೇ ಉಳಿಯದಿದ್ದರೆ ಪಾಲಿಯುರೆಥೇನ್‌ನಂಥ ಗಟ್ಟಿ ಪೊರೆ. ಹನಿಯ ಅಡಿಯಲ್ಲಿ ಬಿಳಿ ಕಲೆ ಬಿದ್ದರೆ ಹೆಚ್ಚಾಗಿ ಮೇಣ. ನೀರು ಇಂಗಿ ಮರ ಕಪ್ಪಾದರೆ ಒಂದೋ ಎಣ್ಣೆಯ ಲೇಪ, ಇಲ್ಲವೇ ಲೇಪ ಸವೆದುಹೋಗಿದೆ. ಮೇಣದ ಅನುಮಾನವಿದ್ದರೆ ಬಿಳಿ ಬಟ್ಟೆಗೆ ಮಿನರಲ್ ಟರ್ಪೆಂಟೈನ್ ಹಾಕಿ ಉಜ್ಜಿ. ಬಟ್ಟೆಗೆ ಹಳದಿ ಅಥವಾ ಕಂದು ಜಿಡ್ಡು ಅಂಟಿದರೆ ಮೇಣವೇ. ಬಹಳ ಹಳೆಯ ನೆಲಗಳಲ್ಲಿ ಅರಗಿನ ಪಾಲಿಶ್ ಇರುವುದುಂಟು. ಸ್ಪಿರಿಟ್ ಅದ್ದಿದ ಹತ್ತಿ ತಾಗಿದೊಡನೆ ಅದು ಮೆತ್ತಗಾಗಿ ಅಂಟಂಟಾಗುತ್ತದೆ.

ಮೂರನೆಯದು ಹಲಗೆ ಯಾವುದು ಎಂಬುದು. ಹೊಸ್ತಿಲ ಪಟ್ಟಿಯನ್ನೋ ಗೋಡೆಯಂಚಿನ ಪಟ್ಟಿಯನ್ನೋ ತೆಗೆದರೆ ಹಲಗೆಯ ಅಡ್ಡಕೊಯ್ತ ಕಾಣುತ್ತದೆ. ಮೇಲಿಂದ ಕೆಳಗಿನವರೆಗೆ ಒಂದೇ ಮರವಿದ್ದರೆ ಪೂರ್ಣಮರದ ಹಲಗೆ, ಸಾಮಾನ್ಯವಾಗಿ 18ರಿಂದ 20 ಮಿ.ಮೀ. ದಪ್ಪ. ಪ್ಲೈವುಡ್‌ನಂತೆ ಪದರಗಳಿದ್ದು ಮೇಲ್ಭಾಗದಲ್ಲಿ ಮಾತ್ರ ಒಳ್ಳೆಯ ಮರದ ಹಾಳೆ ಇದ್ದರೆ ಅದು ಎಂಜಿನಿಯರ್ಡ್ ಹಲಗೆ. ಆ ಹಾಳೆ ಅರ್ಧ ಮಿ.ಮೀ.ಯೂ ಇರಬಹುದು, ಆರು ಮಿ.ಮೀ.ಯೂ ಇರಬಹುದು. ಅಳೆದು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಅಡ್ಡಕೊಯ್ತದಲ್ಲಿ ಕಂದು ಹೊಟ್ಟಿನ ಹಲಗೆ ಕಂಡು, ಮೇಲೆ ಒಂದೇ ಗಂಟಿನ ಚಿತ್ರ ನಾಲ್ಕಾರು ಹಲಗೆಗಳಲ್ಲಿ ಮರುಕಳಿಸಿದರೆ ಅದು ಮರವೇ ಅಲ್ಲ, ಮರದ ಚಿತ್ರ ಅಚ್ಚಾದ ಲ್ಯಾಮಿನೇಟ್. ಅದಕ್ಕೆ ಸ್ಯಾಂಡ್‌ಪೇಪರ್ ತಾಗಿಸಬಾರದು. ಬಣ್ಣದ ಪುಟ್ಟಿ ತುಂಬಬಹುದು ಅಥವಾ ಹಲಗೆ ಬದಲಾಯಿಸಬಹುದು, ಅಷ್ಟೇ.

ನೆಲಕ್ಕಿರುವುದು ಪಾಲಿಯುರೆಥೇನ್ ಎಂದು ಇಟ್ಟುಕೊಂಡು ಮುಂದಿನದನ್ನು ಬರೆಯುತ್ತಿದ್ದೇವೆ. ಎಣ್ಣೆ ಅಥವಾ ಮೇಣದ ನೆಲವಾಗಿದ್ದರೆ ನಿಮ್ಮ ಕೆಲಸ ತುಂಬಾ ಹಗುರ. ಅದರ ವಿಷಯ ಕೊನೆಯ ಭಾಗದಲ್ಲಿದೆ.

ಕುರ್ಚಿಯ ಸುತ್ತಲಿನ ಬಲೆ

ನೂರಾರು ಸಣ್ಣ ಗೀರುಗಳನ್ನು ಒಂದೊಂದಾಗಿ ಮುಚ್ಚಲು ಕೂರಬೇಡಿ. ಮುಗಿಯುವುದಿಲ್ಲ, ಮುಗಿದರೂ ತೇಪೆ ತೇಪೆಯಾಗಿ ಕಾಣುತ್ತದೆ. ಇದಕ್ಕೆ ಸರಿಯಾದ ಮದ್ದು ಮರುಲೇಪನ. ಹಳೆಯ ಲೇಪವನ್ನು ಕಿತ್ತುಹಾಕದೆ, ಅದರ ಹೊಳಪನ್ನಷ್ಟೇ ಮುರಿದು ಮೇಲೊಂದು ಹೊಸ ಕೋಟ್ ಕೊಡುವುದು. ಮರ ಒಂದಿಷ್ಟೂ ಸವೆಯುವುದಿಲ್ಲ. ಮೇಲ್ಪದರ ಸವೆದು ಮರ ಬಯಲಾಗುವ ಮೊದಲೇ ಇದನ್ನು ಮಾಡಿಸುತ್ತ ಬಂದರೆ ನೆಲವನ್ನು ಯಂತ್ರದಲ್ಲಿ ಹೆರೆಯುವ ಪ್ರಸಂಗವೇ ದಶಕಗಳ ಕಾಲ ಬಾರದಿರಬಹುದು. ಏಳು ವರ್ಷದ ನಿಮ್ಮ ನೆಲಕ್ಕೆ ಇದು ಸರಿಯಾದ ಹೊತ್ತು.

ಮರುಲೇಪನ ಮಾಡುತ್ತೀರೋ ಇಲ್ಲವೋ ಎಂಬುದನ್ನು ಫ್ರಿಜ್‌ನ ಗೀರಿಗೆ ಕೈ ಹಚ್ಚುವ ಮೊದಲೇ ತೀರ್ಮಾನಿಸಿ, ಯಾಕೆಂದರೆ ಗೀರಿಗೆ ಏನು ತುಂಬಬೇಕು ಎಂಬುದು ಅದರ ಮೇಲೆಯೇ ನಿಂತಿದೆ. ಅಂಗಡಿಯಲ್ಲಿ ಸಿಗುವ ರಿಪೇರಿ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಇರುವುದು ಮೇಣದ ಕಡ್ಡಿ. ಮೆತ್ತನೆಯ ಮೇಣದ ಮೇಲೆ ಪಾಲಿಯುರೆಥೇನ್ ಹಿಡಿಯುವುದಿಲ್ಲ. ಇವತ್ತು ಮೇಣ ತುಂಬಿ, ಮುಂದಿನ ತಿಂಗಳು ಮರುಲೇಪನ ಮಾಡಿಸಿದರೆ ಆ ಗೆರೆಯುದ್ದಕ್ಕೂ ಹೊಸ ಪದರ ಎದ್ದುಬರುತ್ತದೆ. ಅಕ್ರೋಟು, ಅಡುಗೆ ಎಣ್ಣೆಯ ಕಥೆಯೂ ಇದೇ. ಅಕ್ರೋಟಿನ ಎಣ್ಣೆ ಬಿಳಿ ಗೀರನ್ನು ಒದ್ದೆ ಮಾಡುತ್ತದೆ, ಕಂದು ಸಿಪ್ಪೆಯ ಬಣ್ಣ ಸ್ವಲ್ಪ ಕೂತುಕೊಳ್ಳುತ್ತದೆ, ಹಾಗಾಗಿ ಗೀರು ಹೋದಂತೆ ಕಾಣುತ್ತದೆ. ನೀವು ಬೆರಳು ಒದ್ದೆ ಮಾಡಿ ಸವರಿದಾಗ ಆದದ್ದೂ ಅದೇ ಅಲ್ಲವೇ? ಅಡುಗೆ ಎಣ್ಣೆ ಪೂರ್ತಿ ಒಣಗುವುದೂ ಇಲ್ಲ. ಅಂಟಾಗಿ ಧೂಳು ಹಿಡಿಯುತ್ತದೆ. ವಿನೆಗರ್ ಆಮ್ಲ, ಮತ್ತೆ ಮತ್ತೆ ಹಚ್ಚಿದರೆ ಲೇಪದ ಹೊಳಪು ಸತ್ತುಹೋಗುತ್ತದೆ.

ಫ್ರಿಜ್‌ನ ಗೀರು

ಮರುಲೇಪನ ಮಾಡುತ್ತೀರಿ ಎಂದಾದರೆ ಮರದ ಪುಟ್ಟಿ ಬಳಸಿ: ನೀರಿನಲ್ಲಿ ಕರಗುವ ಬಗೆಯದಾದರೆ ಸಾಕು. ಗೀರು 3 ಮಿ.ಮೀ.ಗಿಂತ ಆಳವಿದ್ದರೆ ಎರಡು ಭಾಗ ಬೆರೆಸುವ ಎಪಾಕ್ಸಿ ಪುಟ್ಟಿ ಮೇಲು, ಯಾಕೆಂದರೆ ಅದು ಕುಗ್ಗುವುದಿಲ್ಲ.

ಗೀರಿನೊಳಗಿನ ಧೂಳನ್ನು ವ್ಯಾಕ್ಯೂಮ್‌ನಿಂದ ಎಳೆದು, ಎದ್ದು ನಿಂತ ಸಿಬಿರುಗಳನ್ನು ಹೊಸ ಬ್ಲೇಡಿನಿಂದ ಕತ್ತರಿಸಿ. ಕೀಳಬೇಡಿ, ಕಿತ್ತರೆ ಮರದ ಎಳೆಯ ಜಾಡಿನಲ್ಲಿ ಇನ್ನೂ ಅರ್ಧ ಗೇಣು ಹರಿದುಬರುತ್ತದೆ. 220 ನಂಬರ್ ಸ್ಯಾಂಡ್‌ಪೇಪರನ್ನು ಮಡಚಿ, ಆ ಮಡಿಕೆಯ ಅಂಚಿನಿಂದ ಗೀರಿನ ಒಳಮೈ ಮತ್ತು ತುಟಿಯನ್ನು ಮಾತ್ರ ಎರಡು ಸಲ ಎಳೆಯಿರಿ. ಗೀರಿನ ಎರಡೂ ಬದಿಗೆ ಎರಡು ಮಿ.ಮೀ. ಬಿಟ್ಟು ಮಾಸ್ಕಿಂಗ್ ಟೇಪ್ ಅಂಟಿಸಿ.

ಈಗ ಬಣ್ಣ. ಹೆಚ್ಚಿನವರು ಎಡವುವುದು ಇಲ್ಲೇ. ಕೆರೆದ ಮರದ ನಾರು ಹರಿದು ಬಾಯಿ ತೆರೆದುಕೊಂಡಿರುತ್ತದೆ, ಸುತ್ತಲಿನ ಮರಕ್ಕಿಂತ ಎರಡು ಪಾಲು ಬಣ್ಣ ಕುಡಿಯುತ್ತದೆ. ನೆಲದ ಬಣ್ಣದ ಸ್ಟೇನ್ (ಮರದೊಳಗೆ ಇಳಿಯುವ ಬಣ್ಣ) ಪೆನ್ನನ್ನೇ ತಂದು ಎಳೆದರೆ ಬಿಳಿ ಗೀರಿದ್ದಲ್ಲಿ ಕಪ್ಪು ಗೀರು ಬರುತ್ತದೆ, ಕಪ್ಪನ್ನು ತೆಗೆಯುವುದು ಬಿಳಿಯನ್ನು ಮುಚ್ಚಿದಷ್ಟು ಸುಲಭವಲ್ಲ. ಆದ್ದರಿಂದ ಮೇಣ ತೆಗೆದ ಅರಗಿನ ದ್ರಾವಣವನ್ನು ಸ್ಪಿರಿಟ್‌ನಲ್ಲಿ ತೆಳ್ಳಗೆ ಮಾಡಿ, 1 ನಂಬರ್ ಚಿತ್ರದ ಕುಂಚದಿಂದ ಗೀರಿನೊಳಗೆ ಒಂದು ಸಲ ಎಳೆದು ಅರ್ಧ ಗಂಟೆ ಒಣಗಿಸಿ. ಆಮೇಲೆ ಹಲಗೆಯಲ್ಲಿ ಕಾಣುವ ಬಣ್ಣಗಳಲ್ಲಿ ಅತಿ ತಿಳಿಯಾದದ್ದನ್ನು ಆರಿಸಿ ಹಚ್ಚಿ, ಹತ್ತು ಹದಿನೈದು ಎಣಿಸುವಷ್ಟರಲ್ಲಿ ಒರೆಸಿಬಿಡಿ. ಸಾಲದಿದ್ದರೆ ಮತ್ತೊಂದು ಸಲ. ಎರಡು ಅಡಿ ಉದ್ದದ ಗೀರು ಮೂರು ನಾಲ್ಕು ಹಲಗೆಗಳನ್ನು ದಾಟಿರಬಹುದು. ಪ್ರತಿ ಹಲಗೆಯ ಬಣ್ಣವೂ ಬೇರೆ ಇರುವುದರಿಂದ ಒಂದೇ ಪೆನ್ನು ಎಲ್ಲಕ್ಕೂ ಹೊಂದುವುದಿಲ್ಲ. ಲೇಪ ಬಿದ್ದ ಮೇಲೆ ಬಣ್ಣ ಹೇಗೆ ಕಾಣಬಹುದು ಎಂದು ತಿಳಿಯಲು ಆ ಜಾಗಕ್ಕೆ ಮಿನರಲ್ ಟರ್ಪೆಂಟೈನ್ ಸವರಿ ನೋಡಿ. ಒದ್ದೆಯಲ್ಲಿ ಕಂಡ ಬಣ್ಣವೇ ಹೆಚ್ಚುಕಡಿಮೆ ಕೊನೆಯ ಬಣ್ಣ. ಅದು ಆರಿದ ಮೇಲೆ ಮುಂದುವರಿಯಿರಿ.

ಪುಟ್ಟಿಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಗೀರಿಗೆ ಓರೆಯಾಗಿ ಒತ್ತಿ ತುಂಬಿ. ಗೀರಿನ ಗುಂಟ ನೇರಕ್ಕೆ ಎಳೆದರೆ ಪಟ್ಟಿಯ ಅಂಚು ಒಳಗಿಳಿದು ತುಂಬಿದ್ದನ್ನೇ ಕೆರೆದು ತರುತ್ತದೆ. ನೀರಿನ ಪುಟ್ಟಿ ಒಣಗುತ್ತ ಕುಗ್ಗುವುದರಿಂದ ಕೂದಲೆಳೆಯಷ್ಟು ಮೇಲೆ ನಿಲ್ಲಲಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ; ಉಗುರಿನಿಂದ ಒತ್ತಿದಾಗ ಗುಳಿ ಬೀಳದಿದ್ದರೆ ಮಾತ್ರ ಒಣಗಿದೆ ಎನ್ನಿ. ಕುಗ್ಗಿದ್ದರೆ ಎರಡನೆಯ ಸಲ ತುಂಬಿ. ಒಣಗಿದ ಮೇಲೆ ಗೀರಿನಷ್ಟೇ ಅಗಲದ ಮರದ ತುಂಡಿಗೆ 180, ಆಮೇಲೆ 220 ಪೇಪರ್ ಸುತ್ತಿ, ಎಳೆ ಹೋದ ದಿಕ್ಕಿನಲ್ಲೇ ತಿಕ್ಕಿ. ಬೆರಳಿಗೆ ಪೇಪರ್ ಸುತ್ತಿ ತಿಕ್ಕಿದರೆ ನಡುವೆ ಹಳ್ಳವಾಗುತ್ತದೆ, ಸುತ್ತಲಿನ ಲೇಪವೂ ಹೋಗುತ್ತದೆ.

ಎರಡು ಹಲಗೆ ಕೂಡುವ ಸಂದಿನಲ್ಲಿ ಪುಟ್ಟಿ ತುಂಬಿಕೊಂಡಿದ್ದರೆ ಅದು ಪೂರ್ತಿ ಗಟ್ಟಿಯಾಗುವ ಮೊದಲೇ ಬ್ಲೇಡಿನ ಮೊನೆಯಿಂದ ಗೆರೆ ಎಳೆದು ಬಿಡಿಸಿ. ಮರ ಉದ್ದಕ್ಕೆ ಅಷ್ಟಾಗಿ ಹಿಗ್ಗುವುದಿಲ್ಲ, ಅಗಲಕ್ಕೆ ಹಿಗ್ಗುತ್ತದೆ. ಮಳೆಗಾಲಕ್ಕೊಂದು ಅಗಲ, ಒಣಗಾಲಕ್ಕೊಂದು ಅಗಲ. ಸಂದಿನ ಪುಟ್ಟಿ ಮೊದಲ ಋತು ಬದಲಾದಾಗಲೇ ಬಿರಿದು ಎದ್ದುಬರುತ್ತದೆ. ಎಷ್ಟೇ ಒಳ್ಳೆಯ ರಿಪೇರಿಯಾದರೂ ಆ ಬಿರುಕೇ ಅದನ್ನು ಬಯಲು ಮಾಡಿಬಿಡುತ್ತದೆ.

ಗರಗಸದ ಹೊಟ್ಟಿಗೆ ಬಿಳಿ ಫೆವಿಕಾಲ್ ಕಲಸಿ ತುಂಬುವ ಅಭ್ಯಾಸ ಬಡಗಿಗಳಲ್ಲೂ ಇದೆ. ಅದು ಬೇಡ. ಅಂಟು ಹೊಟ್ಟಿನ ಕಣಕಣವನ್ನೂ ಮುಚ್ಚಿಬಿಡುವುದರಿಂದ ಮೇಲಿನ ಸ್ಟೇನನ್ನು ಅದು ಕುಡಿಯುವುದಿಲ್ಲ, ಲೇಪದಡಿಯಲ್ಲಿ ಮಂಕು ತೇಪೆಯಾಗಿ ಉಳಿಯುತ್ತದೆ. ಅದೇ ಮರದ ಹೊಟ್ಟನ್ನು ಅರಗಿನ ದ್ರಾವಣದಲ್ಲಿ ಕಲಸಿದರೆ ಬಣ್ಣ ಹೆಚ್ಚು ಹೊಂದುತ್ತದೆ.

ಮರುಲೇಪನ ಬೇಡ, ಈ ಒಂದು ಗೀರು ಮುಚ್ಚಿದರೆ ಸಾಕು ಎನ್ನುವುದಾದರೆ ಪುಟ್ಟಿಯ ಬದಲು ಗಟ್ಟಿ ಮೇಣ ಬಳಸಿ. ಮೆತ್ತನೆಯ ಕಡ್ಡಿ ಅಲ್ಲ, ಬಿಸಿ ಮೊನೆಯ ಸಣ್ಣ ಉಪಕರಣದಿಂದ ಕರಗಿಸಿ ಹನಿಸುವ ಬಗೆ. ಓಡಾಡುವ ಜಾಗದಲ್ಲಿ ಮೆತ್ತನೆಯ ಮೇಣ ಕಾಲಿಗೆ ಅಂಟಿಕೊಂಡು ಹೋಗಿಬಿಡುತ್ತದೆ. ಮೊದಲು ತಿಳಿ ಬಣ್ಣದ್ದನ್ನು ಹನಿಸಿ ಗೀರು ತುಂಬಿ, ಅದರ ಮೇಲೆ ಒಂದೆರಡು ಎಳೆಯಷ್ಟೇ ಗಾಢ ಬಣ್ಣದ್ದನ್ನು ಎಳೆಯ ದಿಕ್ಕಿನಲ್ಲಿ ಸೇರಿಸಿ. ಒಂದೇ ಬಣ್ಣ ತುಂಬಿದರೆ ಎಷ್ಟೇ ಹೊಂದಿದರೂ ಪಟ್ಟಿಯಂತೆ ಕಾಣುತ್ತದೆ, ಎರಡು ಬಣ್ಣ ಬೆರೆತಾಗ ಕಣ್ಣಿಗೆ ಮರವೆನಿಸುತ್ತದೆ. ಆರಿದ ಮೇಲೆ ಪ್ಲಾಸ್ಟಿಕ್ ಪಟ್ಟಿಯ ಅಂಚಿನಿಂದ ಹೆರೆದು ಮಟ್ಟ ಮಾಡಿ.

ಕೇವಲ ಲೇಪದಲ್ಲಿರುವ ಒಂಟಿ ಗೀರಿಗೆ ಪುಟ್ಟಿಯೂ ಬೇಡ, ಮೇಣವೂ ಬೇಡ. ಅದೇ ಜಾತಿಯ ಲೇಪವನ್ನು ಸಣ್ಣ ಕುಂಚದಿಂದ ಗೀರಿನೊಳಗೆ ಎರಡು ಮೂರು ತೆಳು ಸಲ ಹರಿಸಿದರೆ ಮುಚ್ಚಿಕೊಳ್ಳುತ್ತದೆ. ಬಣ್ಣ ಹೊಂದಿಸುವುದಕ್ಕಿಂತ ಹೊಳಪು ಹೊಂದಿಸುವುದು ಕಷ್ಟ ಎಂಬುದು ಇಲ್ಲಿ ಗೊತ್ತಾಗುತ್ತದೆ. ಸ್ಯಾಟಿನ್ (ಅರೆಹೊಳಪು), ಮ್ಯಾಟ್ (ಮಂಕು) ಲೇಪದ ಡಬ್ಬಿಗಳಲ್ಲಿ ಹೊಳಪು ತಗ್ಗಿಸುವ ಪುಡಿ ತಳದಲ್ಲಿ ಕೂತಿರುತ್ತದೆ. ಕಲಕದೆ ಮೇಲಿನಿಂದ ಅದ್ದಿದರೆ ನೀವು ಹಚ್ಚುವುದು ಪೂರ್ತಿ ಹೊಳಪಿನ ಲೇಪವೇ, ಮಂಕು ನೆಲದ ಮೇಲೆ ಮಿಂಚುವ ಗೆರೆ. ಕಡ್ಡಿಯಿಂದ ತಳ ಮುಟ್ಟಿ ನಿಧಾನಕ್ಕೆ ಕಲಕಿ. ಅಲುಗಾಡಿಸಿದರೆ ಗುಳ್ಳೆ ಏಳುತ್ತದೆ.

ಗುಳಿ, ಕಲೆ

ಭಾರದ ವಸ್ತು ಬಿದ್ದು ಗುಳಿಯಾಗಿದ್ದರೆ ಅಲ್ಲಿ ನಾರು ಹರಿದಿಲ್ಲ, ಅಮುಕಿದೆ ಅಷ್ಟೇ. ನೀರು ಕುಡಿದರೆ ಅದು ಮತ್ತೆ ಉಬ್ಬುತ್ತದೆ. ಆದರೆ ಲೇಪದ ಮೂಲಕ ನೀರು ಇಳಿಯದು, ಆದ್ದರಿಂದ ಗುಳಿಯಷ್ಟೇ ಜಾಗದ ಲೇಪವನ್ನು ಪೇಪರ್‌ನಿಂದ ತೆಗೆದು, ಒದ್ದೆ ಹತ್ತಿ ಬಟ್ಟೆಯನ್ನು ಮಡಚಿ ಇಟ್ಟು, ಮಧ್ಯಮ ಬಿಸಿಯ ಇಸ್ತ್ರಿಪೆಟ್ಟಿಗೆಯ ಮೂತಿಯಿಂದ ಐದಾರು ಸೆಕೆಂಡು ಒತ್ತಿ ತೆಗೆಯಿರಿ. ಬಟ್ಟೆ ಸರಿಸಿ ನೋಡಿ, ಮತ್ತೆ ಒತ್ತಿ. ಮೂರು ನಾಲ್ಕು ಸಲಕ್ಕೆ ಗುಳಿ ಬಹುಪಾಲು ಏಳುತ್ತದೆ. ಒಂದು ದಿನ ಒಣಗಿಸಿ ತಿಕ್ಕಿ, ಲೇಪ ಹಚ್ಚಿ. ತೆಳು ಹಾಳೆಯ ಎಂಜಿನಿಯರ್ಡ್ ಹಲಗೆಯಲ್ಲಿ ಇದನ್ನು ಮಾಡಬೇಡಿ, ಬಿಸಿ ಹಬೆಗೆ ಕೆಳಗಿನ ಅಂಟು ಬಿಟ್ಟು ಹಾಳೆಯೇ ಏಳಬಹುದು.

ಮರದ ಗಡಸುತನ ಅಳೆಯುವ ಜಾಂಕಾ ಪ್ರಮಾಣ ಹೇಳುವುದು ಈ ಗುಳಿಯ ವಿಷಯವನ್ನು: 11.28 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು ಅರ್ಧದವರೆಗೆ ಮರದಲ್ಲಿ ಹೂಳಲು ಎಷ್ಟು ಬಲ ಬೇಕು ಎಂಬುದು. ಕಪ್ಪು ವಾಲ್‌ನಟ್ 1010, ಕೆಂಪು ಓಕ್ 1290, ಗಟ್ಟಿ ಮೇಪಲ್ 1450 ಪೌಂಡ್ ಬಲ. ಗೀರಿನ ವಿಷಯದಲ್ಲಿ ಈ ಅಂಕಿ ಹೆಚ್ಚು ಉಪಯೋಗಕ್ಕೆ ಬಾರದು. ಎಷ್ಟೇ ಗಡಸು ಮರವಾದರೂ ಗೀರು ಬೀಳುವುದು ಮೇಲಿನ ಲೇಪಕ್ಕೆ ತಾನೇ.

ಕುಂಡದ ಅಡಿಯಲ್ಲೋ ನಾಯಿ ಮೂತ್ರ ಮಾಡಿದಲ್ಲೋ ಮರ ಕಪ್ಪಾಗಿದ್ದರೆ ಆ ಕಪ್ಪು ತಿಕ್ಕಿದರೆ ಹೋಗದು. ಓಕ್‌ನಂಥ ಒಗರು ಮರಗಳಲ್ಲಿ ಅದು ಹೆಚ್ಚಾಗಿ ನೀರಿನಲ್ಲಿದ್ದ ಕಬ್ಬಿಣದ ಅಂಶ ಮರದ ಟ್ಯಾನಿನ್ ಜೊತೆ ಸೇರಿ ಆದ ಬಣ್ಣ, ಹಳೆಯ ಕಾಲದ ಶಾಯಿಯಂತೆ. ಲೇಪ ತೆಗೆದು, ಒಂದು ಲೀಟರ್ ಬಿಸಿ ನೀರಿಗೆ 80ರಿಂದ 100 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ ಹಲಗೆಯ ಪೂರ್ತಿ ಅಗಲಕ್ಕೆ ಹಚ್ಚಿದರೆ ಬಣ್ಣ ತಿಳಿಯಾಗುತ್ತದೆ. ಆ ಆಮ್ಲ ವಿಷ. ಕೈಗವಸು, ಕನ್ನಡಕ ಬೇಕೇ ಬೇಕು. ಕೆಲಸವಾದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ, ಮತ್ತೆ ಎರಡು ಸಲ ಶುದ್ಧ ನೀರಿನ ಬಟ್ಟೆಯಿಂದ ಒರೆಸಿ. ಉಳಿದ ಹರಳುಗಳನ್ನು ಒಣಗಿದ ಸ್ಥಿತಿಯಲ್ಲಿ ತಿಕ್ಕಿದರೆ ಆ ಧೂಳು ಗಂಟಲನ್ನು ಸುಡುತ್ತದೆ. ಮೂತ್ರದ ಹಳೆಯ ಕಲೆ ಇದಕ್ಕೂ ಬಗ್ಗದೆ ಉಳಿಯುವುದುಂಟು. ಆಗ ಹಲಗೆ ಬದಲಿಸುವುದೇ ದಾರಿ.

ಇದೇ ಕಾರಣಕ್ಕೆ ಇನ್ನೊಂದು ಮಾತು: ಓಕ್ ನೆಲದ ಮೇಲೆ ಉಕ್ಕಿನ ಉಣ್ಣೆ ಬಳಸಬೇಡಿ. ಕಣ್ಣಿಗೆ ಕಾಣದ ಉಕ್ಕಿನ ಚೂರುಗಳು ಮರದ ರಂಧ್ರದಲ್ಲಿ ಉಳಿದು, ಮೇಲೆ ನೀರಿನ ಪಾಲಿಯುರೆಥೇನ್ ಬಿದ್ದೊಡನೆ ಮೆಣಸಿನಪುಡಿ ಚೆಲ್ಲಿದಂತೆ ಕರಿಚುಕ್ಕೆಗಳು ಏಳುತ್ತವೆ. ನೈಲಾನ್ ಪ್ಯಾಡ್‌ಗಳಿಂದ ಈ ತೊಂದರೆಯಿಲ್ಲ.

ಮರುಲೇಪನ ಹೇಗೆ

ಶುರುಮಾಡುವ ಮೊದಲು ಹೊಸ ಲೇಪ ಹಳೆಯದಕ್ಕೆ ಹಿಡಿಯುತ್ತದೋ ನೋಡಿ. ಒಂದು ಮೂಲೆಯಲ್ಲಿ ಒಂದು ಅಡಿ ಚದರ ಜಾಗವನ್ನು ತೊಳೆದು, ಪ್ಯಾಡ್‌ನಿಂದ ಹೊಳಪು ಮುರಿದು, ಲೇಪ ಹಚ್ಚಿ ಒಂದು ದಿನ ಪೂರ್ತಿ ಬಿಡಿ. ಆಮೇಲೆ ನಾಣ್ಯದ ಅಂಚಿನಿಂದ ಜೋರಾಗಿ ಕೆರೆಯಿರಿ. ಸಿಪ್ಪೆಯಂತೆ ಎದ್ದುಬಂದರೆ, ಅಥವಾ ಹಚ್ಚುವಾಗಲೇ ಮೀನಿನ ಕಣ್ಣಿನಂಥ ಗುಂಡು ಗುಳಿಗಳು ಬಿದ್ದರೆ, ನೆಲದಲ್ಲಿ ಮೇಣವೋ ಸಿಲಿಕೋನ್ ಇರುವ ಪಾಲಿಶ್ಶೋ ಕೂತಿದೆ. ಅದನ್ನು ಪೂರ್ತಿ ತೆಗೆಯಲಾಗದಿದ್ದರೆ ಮರುಲೇಪನ ಬೇಡ. ಕಾರ್ಖಾನೆಯಲ್ಲೇ ಲೇಪ ಹಾಕಿ ಬಂದ ಹಲಗೆಗಳಲ್ಲಿ ಈ ಪರೀಕ್ಷೆ ಇನ್ನೂ ಮುಖ್ಯ. ಅವುಗಳ ಲೇಪದಲ್ಲಿ ಹೆಚ್ಚಾಗಿ ಅಲ್ಯೂಮಿನಿಯಂ ಆಕ್ಸೈಡ್ ಇರುತ್ತದೆ, ಸ್ಯಾಂಡ್‌ಪೇಪರಿನ ಮೇಲೆ ಅಂಟಿಸುವ ಹರಳೇ ಅದು. ಕೈಯಿಂದ ತಿಕ್ಕಿ ಅದರ ಹೊಳಪು ಮುರಿಯುವುದು ಬಲು ಪ್ರಯಾಸ, ಮುರಿಯದಿದ್ದರೆ ಹೊಸ ಪದರ ಹಿಡಿಯದು.

ಪರೀಕ್ಷೆ ಗೆದ್ದರೆ ಉಳಿದದ್ದು ತಾಳ್ಮೆಯ ಕೆಲಸ. ಕಂದುಗೆಂಪು ಬಣ್ಣದ ನೈಲಾನ್ ಪ್ಯಾಡನ್ನೋ 150 ನಂಬರ್ ತಿಕ್ಕುವ ಜಾಲರಿಯನ್ನೋ ತಿರುಗುವ ಯಂತ್ರಕ್ಕೆ ಹಾಕಿ ಇಡೀ ನೆಲ ಮಂಕಾಗುವವರೆಗೆ ಓಡಿಸಿ. ಮೂಲೆಗಳನ್ನು 180 ಪೇಪರ್‌ನಿಂದ ಕೈಯಲ್ಲೇ ತಿಕ್ಕಿ. ಟಾರ್ಚ್ ಅಡ್ಡ ಹಿಡಿದು ನೋಡಿದಾಗ ಎಲ್ಲಿ ಹೊಳಪು ಉಳಿದಿದೆಯೋ ಅಲ್ಲೇ ನಾಳೆ ಸಿಪ್ಪೆ ಏಳುವುದು. ವ್ಯಾಕ್ಯೂಮ್ ಎರಡು ಸಲ, ಒದ್ದೆ ಮೈಕ್ರೋಫೈಬರ್ ಬಟ್ಟೆ ಒಂದು ಸಲ. ತೇಗದ ನೆಲದಲ್ಲಿ ಮರ ಬಯಲಾದ ಜಾಗಗಳಿದ್ದರೆ ಲೇಪಕ್ಕೆ ಸ್ವಲ್ಪ ಮೊದಲು ಅಷ್ಟನ್ನು ಅಸಿಟೋನ್‌ನಿಂದ ಒರೆಸಿ, ತೇಗದ ಸ್ವಂತ ಎಣ್ಣೆ ಲೇಪ ಒಣಗಲು ಅಡ್ಡಿಯಾಗುತ್ತದೆ. ಆ ಹೊತ್ತಿನಲ್ಲಿ ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಇರಬಾರದು.

ಒಂದು ಲೀಟರ್ ಲೇಪ ಒಂದು ಕೋಟ್‌ಗೆ ಸುಮಾರು 10ರಿಂದ 12 ಚದರ ಮೀಟರ್ ಬರುತ್ತದೆ. 20 ಚದರ ಮೀಟರಿನ ಹಾಲ್‌ಗೆ ಪ್ರತಿ ಕೋಟ್‌ಗೂ ಎರಡು ಲೀಟರ್ ಇಟ್ಟುಕೊಳ್ಳಿ. ಕಡಿಮೆ ಬಿದ್ದು ಮಧ್ಯದಲ್ಲಿ ನಿಲ್ಲಿಸಿದರೆ ಆ ಗೆರೆ ಶಾಶ್ವತ. ಬಾಗಿಲಿನಿಂದ ದೂರದ ಗೋಡೆಯಲ್ಲಿ ಶುರುಮಾಡಿ, ಹಲಗೆಯ ಉದ್ದಕ್ಕೆ ಎಳೆಯುತ್ತ, ಹಿಂದಿನ ಅಂಚು ಹಸಿ ಇರುವಾಗಲೇ ಮುಂದಿನ ಪಟ್ಟಿಯನ್ನು ಅದಕ್ಕೆ ಕೂಡಿಸಿ. ಐದು ನಿಮಿಷದ ಹಿಂದೆ ಹಚ್ಚಿದಲ್ಲಿ ಧೂಳು ಕಂಡರೂ ಹಿಂದಿರುಗಿ ಕೈ ಹಚ್ಚಬೇಡಿ. ಫ್ಯಾನ್ ಹಾಕಬೇಡಿ. ನೀರಿನಲ್ಲಿ ತಯಾರಿಸಿದ ಪಾಲಿಯುರೆಥೇನ್‌ಗೆ ಎರಡನೆಯ ಕೋಟ್ ಎರಡು ನಾಲ್ಕು ಗಂಟೆಯಲ್ಲಿ ಕೊಡಬಹುದು, ಎಣ್ಣೆಯಲ್ಲಿ ತಯಾರಿಸಿದ ಪಾಲಿಯುರೆಥೇನ್‌ಗೆ ಒಂದು ರಾತ್ರಿ ಬೇಕು. ಎಣ್ಣೆಯದು ಜೇನಿನ ಬಣ್ಣಕ್ಕೆ ತಿರುಗುತ್ತದೆ, ನೀರಿನದು ಬಹುಮಟ್ಟಿಗೆ ಬಣ್ಣ ಬದಲಿಸದು.

ಒಂದು ದಿನ ಬಿಟ್ಟು ಬರಿಗಾಲಿನಲ್ಲಲ್ಲ, ಕಾಲುಚೀಲ ಹಾಕಿಕೊಂಡು ಓಡಾಡಬಹುದು. ಪೀಠೋಪಕರಣ ಮೂರು ನಾಲ್ಕು ದಿನದ ಮೇಲೆ, ಎತ್ತಿ ಇಡಿ. ಕಾರ್ಪೆಟ್ ಹಾಸಲು ನೀರಿನ ಲೇಪಕ್ಕೆ ಎರಡು ವಾರ, ಎಣ್ಣೆಯದಕ್ಕೆ ಒಂದು ತಿಂಗಳು ಕಾಯಿರಿ.

ಪಾಲಿಶ್‌ನವರು ಹೇಳಿದ ಪೂರ್ತಿ ಹೆರೆಯುವಿಕೆ ಬೇಕಾಗುವುದು ಲೇಪ ಸವೆದು ಮರ ಬೂದಿ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಉಗುರು ಸಿಕ್ಕುವಂಥ ಗೀರುಗಳೇ ನೆಲವೆಲ್ಲ ತುಂಬಿದ್ದರೆ ಮಾತ್ರ. ಪ್ರತಿ ಸಲವೂ ಅರ್ಧದಿಂದ ಒಂದು ಮಿ.ಮೀ. ಮರ ಹೋಗುತ್ತದೆ. ಹಲಗೆಯ ಮೇಲಿನ ಹಾಳೆ 2 ಮಿ.ಮೀ.ಗಿಂತ ತೆಳ್ಳಗಿದ್ದರೆ ಒಪ್ಪಬೇಡಿ. ಡ್ರಮ್ ಯಂತ್ರ ತಿರುಗುತ್ತಿರುವಾಗ ಒಂದು ಕ್ಷಣ ನಿಂತರೂ ಅಲ್ಲಿ ಕಾಲುವೆಯೇ ಬೀಳುತ್ತದೆ, ಆದ್ದರಿಂದ ಈ ಕೆಲಸವನ್ನು ಅನುಭವಿಗಳಿಗೇ ಬಿಡಿ.

ದಿನದ ಆರೈಕೆ

ನೆಲದ ಶತ್ರು ಕುರ್ಚಿಯಲ್ಲ, ಕುರ್ಚಿಯ ಕಾಲಡಿಯ ಮರಳು. ಮರಳಿನ ಸ್ಫಟಿಕದ ಗಡಸುತನ ಮೋಸ್ ಮಾಪನದಲ್ಲಿ 7. ಗಾಜನ್ನೇ ಕೆರೆಯುವ ಆ ಕಣಕ್ಕೆ ಲೇಪ ಯಾವ ಲೆಕ್ಕ? ಹಾಗಾಗಿ ಒರೆಸುವುದಕ್ಕಿಂತ ಗುಡಿಸುವುದು ಮುಖ್ಯ. ಬಾಗಿಲ ಹೊರಗೊಂದು ಒಳಗೊಂದು ಕಾಲೊರಸು ಹಾಕಿ. ದಿನಕ್ಕೊಮ್ಮೆ ಒಣ ಮೈಕ್ರೋಫೈಬರ್ ಮಾಪ್ ಎಳೆಯಿರಿ. ವ್ಯಾಕ್ಯೂಮ್ ಬಳಸಿದರೆ ತಿರುಗುವ ಬ್ರಷ್ ನಿಲ್ಲಿಸಿಡಿ.

ಕುರ್ಚಿಯ ಕಾಲಿಗೆ ಫೆಲ್ಟ್ ಹಾಕಬೇಕು, ಆದರೆ ಅಂಟಿಸುವ ಫೆಲ್ಟ್ ಊಟದ ಕುರ್ಚಿಗೆ ಬಾಳುವುದಿಲ್ಲ. ದಿನಕ್ಕೆ ಹತ್ತು ಸಲ ಎಳೆದಾಗ ಪಕ್ಕಕ್ಕೆ ಜಾರಿ, ಬಯಲಾದ ಅಂಟಿಗೆ ಮರಳು ಹಿಡಿದು, ಕಾಲೇ ಸ್ಯಾಂಡ್‌ಪೇಪರ್ ಆಗುತ್ತದೆ. ನಿಮ್ಮ ಮೇಜಿನ ಸುತ್ತ ಆಗಿರುವುದು ಬಹುಶಃ ಇದೇ. ಒಂದು ಕುರ್ಚಿ ಮಗುಚಿ ನೋಡಿ. ಮೊಳೆ ಅಥವಾ ಸ್ಕ್ರೂ ಇರುವ ಫೆಲ್ಟ್ ಬುಷ್ ಹಾಕಿಸಿ, ತಿಂಗಳಿಗೊಮ್ಮೆ ಮಗುಚಿ ಉಜ್ಜಿ, ಗಟ್ಟಿಯಾದದ್ದನ್ನು ಬದಲಿಸಿ. ರಬ್ಬರ್ ಬುಷ್, ರಬ್ಬರ್ ಬೆನ್ನಿನ ಚಾಪೆ ಬೇಡ. ರಬ್ಬರಿನ ಮೆದುಕಾರಕಗಳು ಲೇಪಕ್ಕೆ ಇಳಿದು ತೊಳೆದರೂ ಹೋಗದ ಹಳದಿ ಕಲೆ ಬಿಡುತ್ತವೆ. ನಾಯಿಯ ಉಗುರು ನೆಲದ ಮೇಲೆ ಟಕಟಕ ಎನ್ನುತ್ತಿದ್ದರೆ ಕತ್ತರಿಸುವ ಹೊತ್ತಾಗಿದೆ.

ವಾರಕ್ಕೊಮ್ಮೆ ಒರೆಸಿದರೆ ಸಾಕು. ಮಾಪನ್ನು ಎಷ್ಟು ಹಿಂಡಬೇಕೆಂದರೆ ಒರೆಸಿದ ಜಾಗ ಒಂದು ನಿಮಿಷದೊಳಗೆ ಒಣಗಬೇಕು. ಬಕೆಟ್ ನೀರು ಚೆಲ್ಲಿ ಒರೆಸಿದರೆ ನೀರು ಸಂದಿಗಿಳಿದು ಹಲಗೆಯ ಅಡಿ ಉಬ್ಬುತ್ತದೆ, ಮೇಲ್ಮೈ ಅಷ್ಟು ಉಬ್ಬುವುದಿಲ್ಲ, ಹಲಗೆ ದೋಣಿಯಂತೆ ಅಂಚೆತ್ತುತ್ತದೆ. ಆಗ ಗಾಬರಿಯಾಗಿ ಹೆರೆಸಬೇಡಿ. ಅಡಿ ಒಣಗಿದ ಮೇಲೆ ಹಲಗೆ ತಾನೇ ಮಟ್ಟಕ್ಕೆ ಬರಬಹುದು. ಅಂಚು ಹೆರೆದುಬಿಟ್ಟಿದ್ದರೆ ಒಣಗಿದಾಗ ನಡು ಉಬ್ಬಿ ನಿಲ್ಲುತ್ತದೆ, ಅದಕ್ಕೆ ಮತ್ತೆ ಹೆರೆಯುವುದೊಂದೇ ಗತಿ. ಹಬೆಯ ಮಾಪ್, ಅಮೋನಿಯಾ, ಫಿನಾಯಿಲ್ ಯಾವುದೂ ಬೇಡ. ಆಮ್ಲವೂ ಕ್ಷಾರವೂ ಅಲ್ಲದ, ಮರದ ನೆಲಕ್ಕೆಂದೇ ಮಾಡಿದ ಕ್ಲೀನರ್ ಸಾಕು. ಕೋಣೆಯ ತೇವಾಂಶ 35ರಿಂದ 55 ಶೇಕಡಾ ನಡುವೆ ಇದ್ದರೆ ಸಂದುಗಳು ಹೆಚ್ಚು ಆಡುವುದಿಲ್ಲ.

ನಿಮ್ಮದು ಎಣ್ಣೆಯ ನೆಲವೆಂದು ಪರೀಕ್ಷೆಯಲ್ಲಿ ತಿಳಿದರೆ ಮೇಲಿನ ಮರುಲೇಪನವೆಲ್ಲ ಬೇಡ. ಗೀರಿದ ಹಲಗೆಯನ್ನಷ್ಟೇ ಎಳೆಯ ಗುಂಟ ತಿಕ್ಕಿ, ಅದೇ ಎಣ್ಣೆಯನ್ನು ಚಮಚದಷ್ಟು ಹಚ್ಚಿ, ಹತ್ತು ಹದಿನೈದು ನಿಮಿಷದಲ್ಲಿ ಮೇಲುಳಿದದ್ದನ್ನೆಲ್ಲ ಒರೆಸಿ ತೆಗೆದರೆ ತೇಪೆ ಕಾಣದು. ಮೇಣದ ನೆಲಕ್ಕೂ ಹೀಗೇ, ಎಣ್ಣೆಯ ಬದಲು ಮೇಣ. ಆದರೆ ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ಅದರ ಕಾವು ಏರಿ, ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಿ.

ಕೊನೆಗೆ ಆ ಫ್ರಿಜ್. ಲೇಪ ಪೂರ್ತಿ ಗಟ್ಟಿಯಾಗುವವರೆಗೆ ಅದು ಬೇರೆಡೆ ಇರಲಿ. ಮರಳಿ ತರುವಾಗ ನೆಲ ಗುಡಿಸಿ, ಎರಡು ಹಾರ್ಡ್‌ಬೋರ್ಡ್ ಹಾಳೆ ಹಾಸಿ, ಅವುಗಳ ಅಡಿಯಲ್ಲೂ ಮರಳಿಲ್ಲವೆಂದು ಅಂಗೈ ಸವರಿ ನೋಡಿ. ಒಂದರ ಮೇಲಿಂದ ಇನ್ನೊಂದಕ್ಕೆ ಫ್ರಿಜ್ ದಾಟಿಸುತ್ತ, ಹಿಂದಿನದನ್ನು ಎತ್ತಿ ಮುಂದಕ್ಕೆ ಹಾಸುತ್ತ ಬನ್ನಿ. ಫ್ರಿಜ್‌ಗೆ ಚಕ್ರವಿದ್ದರೂ ಹೀಗೇ ಮಾಡಿ. ಅಷ್ಟು ಭಾರವೆಲ್ಲ ನಾಲ್ಕು ಸಣ್ಣ ಗಾಲಿಗಳ ಮೇಲೆ ನಿಂತಾಗ ಗಟ್ಟಿ ಮರದಲ್ಲೂ ಹಳಿ ಬೀಳುತ್ತದೆ.